ನಾನು ತಡವಾಗಿ ಏರಿಸಿದ ಕನ್ನಡಕ

ಮೇಷ್ಟ್ರೇ, ರಾಯದುರ್ಗದ ಆ ಸಂಜೆ ನಿಮ್ಮನ್ನು ವೇದಿಕೆಯ ಮೇಲೆ ಕೆಡವಿದವನು ನಾನು. ಬೇಕೆಂದೇ ಕೆಡವಿದೆ. ಎದುರು ಕೂತು ಹೇಳಿದರೆ ನಿಮಗೆ ಕೇಳಿಸುವುದಿಲ್ಲ; ಕೂಗಿ ಹೇಳಿದರೆ ಓಣಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ — ಹೇಡಿಗೆ ಇದೂ ಒಂದು ಅನುಕೂಲ.

ನಿಮ್ಮ ಕಿವಿ ಹೋಗಿದ್ದು ಗೊತ್ತಿದ್ದದ್ದು ನನ್ನೊಬ್ಬನಿಗೆ. ಮೈಕ್ ಹಿಡಿದು ಒಬ್ಬರೇ ನಿಂತು ಗಂಟೆಗಟ್ಟಲೆ ನಗಿಸುವವರಿಗೆ ಆ ನಗುವೇ ಕೇಳುವುದಿಲ್ಲ ಎಂದರೆ ಯಾರು ಕರೆದಾರು? ನಗು ಏರುವಾಗ ಬಾಯಿ ಮುಚ್ಚಿರಬೇಕು, ಪೂರ್ತಿ ಆರುವ ಮುನ್ನ ಮುಂದಿನ ಮಾತು ಬೀಳಬೇಕು — ನಿಮ್ಮ ವಿದ್ಯೆಯೆಲ್ಲ ಆ ಸಂದಿನಲ್ಲಿತ್ತು. ಅದನ್ನು ಕಾಯಲು ನಾನು ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆ; ನಿಮ್ಮ ಕಣ್ಣು ನನ್ನ ಮೇಲೇ ಇರುತ್ತಿತ್ತು. ಜನ ನಗುವಷ್ಟು ಹೊತ್ತು ಕನ್ನಡಕ ತೆಗೆದು ಒರೆಸುವುದು. ನಗು ಇಳಿದ ಕೂಡಲೇ ಏರಿಸುವುದು. ಏರಿಸಿದರೆ ನೀವು ಮಾತಾಡುತ್ತಿದ್ದಿರಿ.

ಅವತ್ತು ನಿಮಗಿಂತ ಮುಂಚೆ ವೇದಿಕೆಯ ಮೇಲೆ ಐದು ನಿಮಿಷ ನನ್ನದಿತ್ತು. ಯಾರೂ ನಗಲಿಲ್ಲ. ನಾನು ಇಳಿದು ಒಳಗೆ ಬಂದಾಗ ಕರೆಸಿದವರ ಎದುರೇ ಅಂದಿರಿ: “ಇವ್ನಾ? ಜೋಕ್ ಹೇಳಕ್ ಮುಂಚೇನೇ ತಪ್ಪಾಯ್ತು ಅನ್ನಂಗ್ ನಿಂತ್ಕಂತಾನೆ ಕಣಪ್ಪ. ಕನ್ನಡಕ ಒರ್ಸಕ್ಕೇ ಲಾಯಕ್ಕು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳೇನಲ್ಲವಲ್ಲ — ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡುವ ಪ್ರಾಣಿ ನಾನು. ಆದರೆ ಅವತ್ತು ಹೋಗಿ ಮುಂದಿನ ಸಾಲಿನ ನನ್ನ ಜಾಗದಲ್ಲಿ ಕೂತೆ.

ನಿಮ್ಮ ಮೊದಲ ದೊಡ್ಡ ನಗು ಇನ್ನೂ ಏರುತ್ತಿರುವಾಗಲೇ ಕನ್ನಡಕ ಹಾಕಿಕೊಂಡೆ. ನಿಮ್ಮ ಮಾತು ಅದರೊಳಗೆ ಮುಳುಗಿತು. ಇಷ್ಟು ಸಾಕು ಅಂದುಕೊಂಡೆ — ಮತ್ತೆ ಹಾಗೇ ಮಾಡಿದೆ. ಜನರಿಗೆ ಎಳೆ ತಪ್ಪಿತು. ಮುಂದಿನ ಜೋಕಿಗೆ ನಗುವೇ ಬರಲಿಲ್ಲ. ಆಗ ಕನ್ನಡಕ ತೆಗೆದು ಒರೆಸತೊಡಗಿದೆ. ನೀವು ಕಾದಿರಿ. ಫ್ಯಾನುಗಳ ಸದ್ದು ಬಿಟ್ಟರೆ ಏನಿಲ್ಲ. ಇಲ್ಲದ ನಗುವಿಗೆ ತಲೆದೂಗುತ್ತಾ, ಮುಗುಳ್ನಗುತ್ತಾ ನಿಂತಿದ್ದಿರಿ. ನಾನು ಒರೆಸುತ್ತಲೇ ಇದ್ದೆ.

“ಯಾಕ್ರೀ ಮೇಷ್ಟ್ರ, ಮರ್ತ್ರೇನು?” ಹಿಂದಿನಿಂದ ಯಾರೋ ಕೂಗಿದರು. ಆಗ ಇಡೀ ಸಭೆ ನಕ್ಕಿತು. ಆ ತೆರೆದ ಬಾಯಿಗಳನ್ನು ನೋಡಿ ನೀವು — ಕೈ ಮುಗಿದಿರಿ.

ಕನ್ನಡಕವಿಲ್ಲದೆ ನಿಮ್ಮ ಮುಖ ಕಾಣಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನನ್ನದು ಓದುವ ಕನ್ನಡಕ, ಮೇಷ್ಟ್ರೇ. ದೂರದ್ದು ಚೆನ್ನಾಗಿ ಕಾಣುತ್ತದೆ.

ಕಾರ್ಯಕ್ರಮ ಕೆಟ್ಟಿತೆಂದು ಕರೆಸಿದವರ ಮುಖದಲ್ಲೇ ಓದಿಕೊಂಡು, ಬಸ್ಸು ಹತ್ತುವಾಗ ನನ್ನ ಹೆಗಲು ತಟ್ಟಿದಿರಿ. “ನಿಂದೇನ್ ತಪ್ಪಿಲ್ಲ ಬಿಡಪ್ಪ. ನೀನ್ ಸರ್ಯಾಗೇ ತೋರ್ಸಿರ್ತೀಯ. ನನ್ ಕಣ್ಣೂ ಹೋಯ್ತು ಅಂತ ಕಾಣ್ತದೆ.”

ನಾನು ಹೂಂ ಎಂದು ತಲೆಯಾಡಿಸಿದೆ.

ಆಮೇಲೆ ನೀವು ಮೈಕ್ ಮುಟ್ಟಲಿಲ್ಲ. ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೂ ನಂಬಲಿಲ್ಲವಂತೆ. ಮೊನ್ನೆ ರೊಳ್ಳದಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದ ನಿಮ್ಮನ್ನು ದೂರದಿಂದ ಕಂಡೆ — ಪಕ್ಕದ ಪಂಕ್ತಿಯಲ್ಲಿ ಯಾರೋ ನಗುವುದು ಕಣ್ಣಿಗೆ ಬಿದ್ದರೆ ಬೆಚ್ಚಿ, ತುತ್ತು ಬಿಟ್ಟು, ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಿರಿ. ನಾನು ಕಂಬದ ಹಿಂದೆ ಸರಿದೆ.

ನಾಳೆ ಮೊದಲ ಬಸ್ಸಿಗೆ ಮಡಕಶಿರಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ಈ ಹಾಳೆ ಕೈಗೆ ಕೊಟ್ಟು ಎದುರಿಗೆ ಕೂರುತ್ತೇನೆ. ಓದಿ ಮುಗಿಸಿ ನೀವು ಎಷ್ಟು ಹೊತ್ತು ಸುಮ್ಮನಿದ್ದರೂ ನಾನು ಬಾಯಿ ತೆರೆಯುವುದಿಲ್ಲ. ಎದ್ದೂ ಹೋಗುವುದಿಲ್ಲ.