ನಾಕಾದ ಬುಟ್ಟೆವ್ವನಿಗೆ ಮಾತು ಬರೆಯುವಾಕೆ

ಮುಂಬಯಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಂಟಾಪ್ ಹಿಲ್‌ನ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಮೂಲೆಯಲ್ಲಿ, ಆಗಲೇ ದಿನಗೂಲಿಯವರು ಸೇರುತ್ತಿದ್ದಾರೆ. ಗೌಂಡಿಗಳ ಚೀಲದಿಂದ ಕರಣೆಯ ಹಿಡಿ ಇಣುಕುತ್ತಿದೆ. ಪೇಂಟರುಗಳು ಉದ್ದನೆಯ ಕೋಲಿಗೆ ಬ್ರಷ್ ಕಟ್ಟಿಕೊಂಡು ಬಂದಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸರು ಚಹಾದ ಗಾಡಿಯ ಮುಂದೆ ಗುಂಪುಗೂಡಿದ್ದಾರೆ. ಯಾವ ಮುಕಾದಮ್ ಬರುತ್ತಾನೆ, ಯಾರನ್ನು ಕರೆಯುತ್ತಾನೆ, ಟೆಂಪೋ ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದು ಯಾರಿಗೂ ತಿಳಿಯದು. ಈ ಗುಂಪಿನ ನಡುವೆ ಒಬ್ಬ ಹೆಂಗಸು ಮಾತ್ರ ಕೆಲಸಕ್ಕಾಗಿ ಕಾಯುತ್ತಿಲ್ಲ. ಆಕೆಯ ಕೆಲಸ ಶುರುವಾಗಿಯೇ ಬಿಟ್ಟಿದೆ.

ಎಡಗೈ ಮೇಲೆ ರಟ್ಟು, ರಟ್ಟಿನ ಮೇಲೆ ಕ್ಲಿಪ್ ಹಾಕಿದ ಕಾಗದ, ಬಲಗೈಯಲ್ಲಿ ಪೆನ್ಸಿಲ್. ದಾನೇಶ್ವರಿ ಅವರು ಒಂದು ಕಡೆ ನಿಲ್ಲುವವರಲ್ಲ. ಇಲ್ಲಿ ಒಂದು ಕೈ ಗೀಚುತ್ತಾರೆ, ಅಲ್ಲಿ ಒಂದು ಮುಂಡಾಸು. ಯಾರೋ ಜಗಳ ತೆಗೆದರೆ ಅತ್ತ ಓಡುತ್ತಾರೆ, ಯಾರೋ ನಕ್ಕರೆ ಇತ್ತ ಬರುತ್ತಾರೆ.

"ಏ ದಾನವ್ವಾ, ಇವತ್ತರ ನನ್ನ ಮೂಗು ಸಣ್ಣದ ಮಾಡು," ಎಂದು ಚಹಾದ ಗಾಡಿಯ ಕಡೆಯಿಂದ ಸೋಮವ್ವ ಕೂಗುತ್ತಾರೆ.

"ಮೂಗು ಸಣ್ಣದ ಮಾಡಿದ್ರ ಪೇಪರ್ ಓದಾವ್ರು ಯಾರಿಕಿ ಅಂತಾರ ಸೋಮಕ್ಕಾ!"

ಮುಂಬಯಿಯಿಂದ ಹೊರಡುವ 'ತೀರವಾಣಿ' ಎಂಬ ಕನ್ನಡ ದಿನಪತ್ರಿಕೆಯಲ್ಲಿ 'ನಾಕಾ' ಎಂಬ ಮೂರು ಚೌಕದ ಕಾಮಿಕ್ ಸ್ಟ್ರಿಪ್ ಬರುತ್ತದೆ. ಅದರ ನಾಯಕಿ ಬುಟ್ಟೆವ್ವ. ಇಟ್ಟಿಗೆ ಹೊರುವ ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ ಮುಕಾದಮನಿಗೆ ಉತ್ತರ ಕೊಡುವ ಬಯಲುಸೀಮೆಯ ಹೆಂಗಸು. ಅವಳ ಜೊತೆಗಾರ ದೂಜ, ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಸಪ್ಲೈ ಮಾಡುವವನು. ಅವಳ ಮಾತು ಅವನಿಗೆ ಅರ್ಧ ತಿಳಿಯುತ್ತದೆ, ಅವನ ಮಾತು ಅವಳಿಗೆ ಕಾಲು ಭಾಗ. ಆ ಗೊಂದಲದಲ್ಲೇ ನಗು ಹುಟ್ಟುತ್ತದೆ. ಪತ್ರಿಕೆ ಕೈಗೆತ್ತಿಕೊಂಡವರಲ್ಲಿ ಎಷ್ಟೋ ಜನ ಮೊದಲು ನೋಡುವುದು ಬುಟ್ಟೆವ್ವನನ್ನು. ಬರೆದವರು ಯಾರೆಂದು ನೋಡುವುದಿಲ್ಲ. ನೋಡಿದರೂ ಮೂಲೆಯಲ್ಲಿ ಕಾಣುವುದು 'ದಾ' ಎಂಬ ಒಂದೇ ಅಕ್ಷರ.

ಆ 'ದಾ'ಗೆ ಈಗ ನಲವತ್ತು ದಾಟಿದೆ. ತಂದೆ ಖಂಡಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದು ಇದೇ ನಾಕಾದಲ್ಲಿ ಕೆಲಸಕ್ಕೆ ಕಾದವರು. ಮಗಳು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದಳು. ಅಪ್ಪ ಸೈಟಿನಿಂದ ತರುತ್ತಿದ್ದ ಸಿಮೆಂಟ್ ಚೀಲದ ಒಳಗಿನ ಕಂದು ಕಾಗದವೇ ಅವಳ ಡ್ರಾಯಿಂಗ್ ಹಾಳೆಯಾಗಿತ್ತು. ಶಾಲೆ ಮುಗಿದ ಮೇಲೆ ದಾನೇಶ್ವರಿ ಧಾರಾವಿಯ ಚರ್ಮದ ಬ್ಯಾಗಿನ ವರ್ಕ್‌ಶಾಪಿನಲ್ಲಿ ಕಟಿಂಗ್ ಕೆಲಸಕ್ಕೆ ಸೇರಿದರು. ಇಂದಿಗೂ ಹೊಟ್ಟೆ ತುಂಬಿಸುವುದು ಅದೇ. ನಾಕಾ ಖಾಲಿಯಾದ ಮೇಲೆ ನೇರ ಅಲ್ಲಿಗೇ ನಡೆಯುತ್ತಾರೆ. ಗಂಡ ಶಿವಪುತ್ರ ಟೆಂಪೋ ಓಡಿಸುತ್ತಾರೆ. "ಇಕಿ ಊಟಕ್ಕ ಕುಂತಾಗೂ ಬೆರಳಿಲೆ ತಾಟಿನ ಮ್ಯಾಲ ಗೆರಿ ಎಳೀತಾಳ್ರೀ," ಎಂದು ನಗುತ್ತಾರೆ ಅವರು.

ಪತ್ರಿಕೆಗೆ ಬಂದದ್ದು ಚಿತ್ರ ಬರೆಯಲಿಕ್ಕಲ್ಲ. ಆಗ 'ತೀರವಾಣಿ' ಏಜೆನ್ಸಿಯೊಂದರಿಂದ ವಿದೇಶಿ ಸ್ಟ್ರಿಪ್ ತರಿಸುತ್ತಿತ್ತು. ಅಂಥ ಸ್ಟ್ರಿಪ್‌ಗಳು ಸಾವಿರಾರು ಪತ್ರಿಕೆಗಳಿಗೆ ಒಟ್ಟಿಗೇ ಮಾರಾಟವಾಗುವುದರಿಂದ ಅಗ್ಗ. ಸ್ವಂತ ಕಲಾವಿದರನ್ನು ಇಟ್ಟುಕೊಳ್ಳುವ ಗೋಜಿಲ್ಲ. ಇಂಗ್ಲಿಷ್ ಮಾತು ಅಳಿಸಿ, ಅದೇ ಮಾತಿನ ಗುಳ್ಳೆಯೊಳಗೆ ಕನ್ನಡ ಅಕ್ಷರ ತುಂಬಲು ಒಂದು ಅಂದವಾದ ಕೈಬರಹ ಬೇಕಿತ್ತು. ದಾನೇಶ್ವರಿ ಅವರದು ಅಂಥ ಕೈ. ಆದರೆ ಇಂಗ್ಲಿಷಿಗಾಗಿ ಅಳೆದ ಗುಳ್ಳೆಯಲ್ಲಿ ಕನ್ನಡದ ಒತ್ತಕ್ಷರಕ್ಕೆ ಕಾಲು ಚಾಚಲು ಜಾಗವಿರುತ್ತಿರಲಿಲ್ಲ. ಮಾತನ್ನೇ ಕತ್ತರಿಸಬೇಕಾಗುತ್ತಿತ್ತು.

"ಅದರಾಗ ಗಂಡ ಅಂಗಳದ ಹುಲ್ಲು ಕತ್ತರಸ್ತಾನ, ಹೇಂತಿ ಬೈತಾಳ. ಹಿಮ ಬೀಳ್ತದ, ಇಬ್ರೂ ಸಲಿಕಿ ಹಿಡೀತಾರ. ನಾ ಅಕ್ಷರ ತುಂಬಕೋತ ವಿಚಾರ ಮಾಡ್ತಿದ್ದೆ, ಧಾರಾವಿಯೊಳಗ ಯಾರಿಗೈತ್ರಿ ಅಂಗಳ?" ಎನ್ನುತ್ತಾರೆ.

ಒಂದು ದಿನ ಏಜೆನ್ಸಿಯ ಸ್ಟ್ರಿಪ್ ಬರಲೇ ಇಲ್ಲ. ಪುಟ ಮುಗಿಯುತ್ತ ಬಂದಿತ್ತು, ಜಾಗ ಖಾಲಿ ಇತ್ತು. ಸಂಪಾದಕ ಶೇಖರ ತಲೆಗೆ ಕೈ ಹೊತ್ತು ಕೂತಿದ್ದರು. ದಾನೇಶ್ವರಿ ಕೇಳದೆಯೇ ಮೂರು ಚೌಕ ಎಳೆದು, ಬೆಳಿಗ್ಗೆ ನಾಕಾದಲ್ಲಿ ಕೇಳಿದ ಮಾತೊಂದನ್ನು ಒಬ್ಬ ಬುಟ್ಟಿಯ ಹೆಂಗಸಿನ ಬಾಯಿಗೆ ಹಾಕಿದರು. ಮರುದಿನ ಆಫೀಸಿಗೆ ಫೋನುಗಳು ಬಂದವು. ಹುಲ್ಲು ಕತ್ತರಿಸುವ ದಂಪತಿ ಮರಳಿ ಬರಲಿಲ್ಲ.

ಬೈದವರೂ ಇದ್ದಾರೆ. ನಮ್ಮ ಭಾಷೆಯನ್ನು ಗೇಲಿ ಮಾಡುತ್ತೀರಿ ಎಂದು ಬಯಲುಸೀಮೆಯವರು, ಹೋಟೆಲಿನವರೆಂದರೆ ನಿಮಗೆ ತಮಾಷೆಯೇ ಎಂದು ಕರಾವಳಿಯವರು. ಎರಡೂ ಕಡೆಯಿಂದ ಬೈಗುಳ ಬಂದ ದಿನ ದಾನೇಶ್ವರಿ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದಂತೆ. ಒಂದೇ ಕಡೆಯಿಂದ ಬಂದರೆ ಕಸಿವಿಸಿ.

ಆದರೆ ಕಳೆದ ವರ್ಷ ಬಂದದ್ದು ಅಂಥ ಕಸಿವಿಸಿಯಲ್ಲ.

ನಾಕಾದಿಂದ ಐದು ಹೆಂಗಸರು ಬೊರಿವಲಿಯ ಒಂದು ಎತ್ತರದ ಬಿಲ್ಡಿಂಗ್‌ನ ಕೆಲಸಕ್ಕೆ ಹೋಗುತ್ತಿದ್ದರು. ಅವರಲ್ಲಿ ಹಿರಿಯರು ಸೋಮವ್ವ, ಕಿರಿಯಳು ಶಿವಕುಮಾರಿ. ಆ ಸೈಟಿನಲ್ಲಿ ಹೆಂಗಸರಿಗೆ ಸಂಡಾಸು ಇರಲಿಲ್ಲ. ಚಹಾ ಕುಡಿಯುತ್ತ ಸೋಮವ್ವ ಅದನ್ನು ಹೇಳಿ, ತಾವೇ ಗಟ್ಟಿಯಾಗಿ ನಕ್ಕರು. ದಾನೇಶ್ವರಿ ನಗಲಿಲ್ಲ. ಅವತ್ತೇ ಬರೆದರು. ಮೊದಲ ಚೌಕದಲ್ಲಿ ಬುಟ್ಟೆವ್ವ, ಸಂಡಾಸ ಎಲ್ಲೈತಿ ಎಂದು ವಾಚ್‌ಮನ್‌ನನ್ನು ಕೇಳುತ್ತಾಳೆ. ಎರಡರಲ್ಲಿ ಅವನು ಜಾಹೀರಾತಿನ ಬೋರ್ಡು ತೋರಿಸುತ್ತಾನೆ: 'ಪ್ರತಿ ಮನೆಗೂ ಮೂರು ಬಾತ್‌ರೂಮು.' ಮೂರರಲ್ಲಿ ಬುಟ್ಟೆವ್ವ ತಲೆ ಎತ್ತಿ ನೋಡುತ್ತಾಳೆ: 'ಅಷ್ಟಕ್ಕೂ ಟೈಲ್ಸ್ ಹೊತ್ತಾಕಿ ನಾ. ಹೋಗಾಕ ಮಾತ್ರ ನನಗ ರೇಲ್ವೆ ಪಟ್ರಿ!'

ಬಿಲ್ಡರ್‌ನ ಹೆಸರು ಎಲ್ಲೂ ಇರಲಿಲ್ಲ. ಆದರೆ ಚಿತ್ರದಲ್ಲಿ ಗೇಟಿನ ಎರಡೂ ಬದಿಗೆ ಬಿಳಿ ಕುದುರೆಗಳಿದ್ದವು. ಬೊರಿವಲಿಯ ಆ ಸೈಟಿನ ಗೇಟಿನಲ್ಲೂ ಅಂಥವೇ ಕುದುರೆ ಪ್ರತಿಮೆಗಳಿದ್ದವು.

ಸ್ಟ್ರಿಪ್ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಯಾರೋ ಹಿಂದಿಗೆ ಮಾಡಿ ಕಳಿಸಿದರು. ಮೂರನೆಯ ದಿನ ಸೈಟಿನ ಸೂಪರ್‌ವೈಸರ್ ತನ್ನ ಫೋನನ್ನು ಸೋಮವ್ವನ ಮುಖದ ಪಕ್ಕ ಹಿಡಿದು ನೋಡಿದ. ಅದೇ ಮೂಗು, ಅದೇ ದೊಡ್ಡ ಕುಂಕುಮ, ಅದೇ ಚೌಕಳಿ ಅಂಗಿ. ಐವರನ್ನೂ ಗೇಟಿನಿಂದ ಹೊರಗೆ ಕಳಿಸಿದರು.

ಮರುದಿನ ಬೆಳಿಗ್ಗೆ ನಾಕಾದಲ್ಲಿ ವಿಷಯ ತಿಳಿದಾಗ ದಾನೇಶ್ವರಿ ಸೀದಾ ಸೋಮವ್ವನ ಬಳಿಗೆ ಹೋದರು.

"ನೀ ಬರದದ್ದು ಸುಳ್ಳಲ್ಲ ತಂಗಿ," ಎಂದರು ಸೋಮವ್ವ. ದನಿ ಏರಿಸಲೂ ಇಲ್ಲ. "ಆದ್ರ ಹೆಸರೊಂದ ಬದಲ ಮಾಡಿದಿ, ಉಳದದ್ದೆಲ್ಲಾ ನನ್ನದ ಇಟ್ಟಿ. ಬಾಜೂಕ ನಿಂತಾಕಿ ನಾ. ಒಂದ ಮಾತು ಕೇಳಬಾರದಿತ್ತೇನು?"

ಸೋಮವ್ವ ಇನ್ನೂ ಎದುರಿಗಿದ್ದಾಗಲೇ ಶೇಖರ ಅವರ ಫೋನು ಬಂತು. ಅದೇ ಬಿಲ್ಡರ್ 'ತೀರವಾಣಿ'ಗೆ ವಾರವಾರ ಮುಖಪುಟದ ಜಾಹೀರಾತು ಕೊಡುವವನು. ಅವನ ಕಡೆಯವರು ಆಫೀಸಿಗೆ ಬಂದು ಹೋಗಿದ್ದರು. ಬುಟ್ಟೆವ್ವ ಒಂದು ದಿನ ಕ್ಷಮೆ ಕೇಳಿದರೆ ಜಾಹೀರಾತು ಉಳಿಯುತ್ತದೆ, ಹೆಂಗಸರಿಗೂ ಕೆಲಸ ವಾಪಸ್ ಸಿಗುತ್ತದೆ ಎಂದಿದ್ದರು.

"ನನಗೆ ಮನಸ್ಸಿಲ್ಲ ಮಾರಾಯ್ತಿ," ಎಂದರು ಶೇಖರ. "ಆದ್ರೆ ಕಾಗದ ಎಲ್ಲಿಂದ ತರುವುದು ಹೇಳಿ? ಪೇಪರೇ ನಿಂತ್ರೆ ನಿಮ್ಮ ಬುಟ್ಟೆವ್ವ ಎಲ್ಲಿ ಮಾತಾಡ್ತಾಳೆ? ಒಂದು ದಿನದ ಮಟ್ಟಿಗೆ ಅಲ್ವಾ?"

ದಾನೇಶ್ವರಿ ಅವರಿಗೆ ಸಿಟ್ಟು ಬಂದದ್ದು ಶೇಖರ ಅವರ ಮೇಲಲ್ಲ. ಆ ಮಾತಿನಲ್ಲಿ ನ್ಯಾಯವಿದೆ ಎನ್ನಿಸಿದ್ದರ ಮೇಲೆ. ಅವತ್ತು ಧಾರಾವಿಯಲ್ಲಿ ಅವರು ಕತ್ತರಿಸಿದ ಚರ್ಮ ಎರಡು ಸಲ ವಕ್ರವಾಯಿತು. ಸಂಜೆ ಮನೆಗೆ ಹೋಗದೆ ಮಾಟುಂಗಾವರೆಗೆ ನಡೆದರು, ತಿರುಗಿ ಬಂದರು, ಮತ್ತೆ ನಡೆದರು. ತನ್ನ ಪೆನ್ಸಿಲ್ಲು ತನ್ನದು ಎಂದು ಹಟ ಹಿಡಿಯಬಹುದಿತ್ತು. ಆದರೆ ಕೆಲಸ ಹೋದದ್ದು ತನ್ನದಲ್ಲವಲ್ಲ. ಕೊನೆಗೆ ಕೂತು ಕ್ಷಮೆಯ ಸ್ಟ್ರಿಪ್ ಬರೆದರು. ಆದರೆ ಈ ಸಲ ಆಫೀಸಿಗೆ ಕಳಿಸುವ ಮೊದಲು ನಾಕಾಕ್ಕೆ ಒಯ್ದರು. ಅಕ್ಷರ ಬಾರದ ಆ ಐವರ ನಡುವೆ ನಿಂತು ಗಟ್ಟಿಯಾಗಿ ಓದಿದರು. ಬುಟ್ಟೆವ್ವ ಕೈ ಮುಗಿದು ಹೇಳುತ್ತಾಳೆ: 'ತಪ್ಪಾತ್ರಿ. ಸಾಹೇಬ್ರು ನಮಗ ಎಲ್ಲಾ ಅನುಕೂಲ ಮಾಡ್ಯಾರ. ಸಂಡಾಸೂ ಐತಿ.'

ಮೊದಲು ಬಾಯಿಬಿಟ್ಟವಳು ಶಿವಕುಮಾರಿ. "ಹಾಕ್ರಿ ಅಕ್ಕಾ. ಚಿತ್ರದಾಗಿನಾಕಿ ಕೈ ಮುಗದ್ರ ನಮ್ಮದೇನ ಹೋಗ್ತದ? ನನಗ ಕೆಲಸ ಬೇಕು. ಎರಡು ಕೂಸು ಅದಾವ."

ಸೋಮವ್ವ ಕಾಗದದ ಮೇಲಿನ ಬುಟ್ಟೆವ್ವನ ಕೈಗಳ ಮೇಲೆ ಬೆರಳಿಟ್ಟರು. "ಕೈ ಮುಗೀಲಿ. ದಿನಾ ಮುಗೀತೀವಿ, ಹೊಸಾದೇನಲ್ಲ. ಆದ್ರ ಸಂಡಾಸ ಐತಿ ಅಂತ ಹೆಂಗ ಹೇಳ್ಲಿ? ನಾಳೆ ಹೊಸಾಕಿ ಒಬ್ಬಾಕಿ ಬಂದು, ಯಕ್ಕಾ ಎಲ್ಲೈತಿ ತೋರಸು ಅಂದ್ರ ಎಲ್ಲಿ ತೋರಸ್ಲಿ? ಆ ಮಾತು ತಗಿ. ಅದೊಂದು ನಾ ಆಡೂದಿಲ್ಲ."

ದಾನೇಶ್ವರಿ ಅಲ್ಲೇ, ಚಹಾದ ಗಾಡಿಯ ಹಲಗೆಯ ಮೇಲೆ ಕಾಗದವಿಟ್ಟು ಕೊನೆಯ ಗುಳ್ಳೆ ಅಳಿಸಿದರು. ಹೊಸದಾಗಿ ಬರೆದರು. ಕೈ ಮುಗಿದ ಬುಟ್ಟೆವ್ವ ಈಗ ಹೇಳುವುದಿಷ್ಟು: 'ಸಾಹೇಬ್ರ, ಮಾಫ್ ಕರೋ. ಹಂಗ ಸಂಡಾಸ ಎಲ್ಲೈತಿ ಹೇಳ್ರಿ.' ಓದಿ ಹೇಳಿದಾಗ ನಾಲ್ವರು ನಕ್ಕರು. ಶಿವಕುಮಾರಿ ಎದ್ದು ರಸ್ತೆಯ ಆಚೆ ಹೋಗಿ ನಿಂತಳು.

ಶೇಖರ ಕೂಡ ಅದನ್ನು ನೋಡಿ ಜೋರಾಗಿ ನಕ್ಕರಂತೆ. ಆಮೇಲೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. 'ನಾಕಾ' ನಿಂತಿತು. ಅದರ ಜಾಗದಲ್ಲಿ ಏಜೆನ್ಸಿಯ ಒಂದು ಬೆಕ್ಕಿನ ಸ್ಟ್ರಿಪ್ ಬಂತು, ಕಂಪ್ಯೂಟರ್ ಅಕ್ಷರದ ಕನ್ನಡದಲ್ಲಿ.

ಆ ತಿಂಗಳುಗಳನ್ನು ನೆನೆಯುವಾಗ ದಾನೇಶ್ವರಿ ಅವರ ಬೆರಳು ಈಗಲೂ ಸುಮ್ಮನಿರುವುದಿಲ್ಲ, ರಟ್ಟಿನ ಅಂಚನ್ನು ತಟ್ಟುತ್ತಲೇ ಇರುತ್ತದೆ. "ಪೇಪರ್ ಇಲ್ಲ ಅಂತ ಕೈ ಕೇಳಬೇಕಲ್ರಿ? ಬರೀತಾನೇ ಇದ್ದೆ. ಬರದು ಯಾರಿಗೆ ತೋರಸೂದು? ಅದಕ್ಕ ನಾಕಾಕ ಹೋಗಿ ಓದಿ ಹೇಳ್ತಿದ್ದೆ. ಅವ್ರು ಇದು ಬರೋಬರ್, ಇದು ಝೂಟ್ ಅಂತಿದ್ರು. ಎಡಿಟರ್‌ಕಿಂತ ಕಡಕ್ ಅವ್ರು."

ಐವರಿಗೂ ಬೇರೆ ಬೇರೆ ಕಡೆ ಕೆಲಸ ಸಿಕ್ಕಿತು, ಆದರೆ ತಕ್ಷಣವಲ್ಲ, ಒಟ್ಟಿಗೂ ಅಲ್ಲ. ಇತ್ತ ಪತ್ರಿಕೆಗೆ ಬುಟ್ಟೆವ್ವ ಎಲ್ಲಿ ಎಂದು ಕೇಳುವ ಫೋನು ನಿಲ್ಲಲಿಲ್ಲ. ಬೊರಿವಲಿಯ ಹೋಟೆಲೊಂದರ ಕೆಲಸಗಾರರು ಹಳೆಯ ಸ್ಟ್ರಿಪ್ಪುಗಳನ್ನು ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಅದರ ಫೋಟೋ ಕಳಿಸಿದರು. ಪುಟ ವಿನ್ಯಾಸ ಮಾಡುವ ಯಕ್ಷಿತಾ ಆ ಫೋಟೋವನ್ನು ಸಂಪಾದಕರ ಮುಂದಿಟ್ಟು, "ಸರ್, ಬೆಕ್ಕಿಗೆ ಯಾರೂ... ಮತ್ಲಬ್, ಒಂದು ಫೋನ್ ಕಾಲ್ ಕೂಡ ಬರಲಿಲ್ಲ," ಎಂದಳು. ಬಿಲ್ಡರ್‌ನ ಮನೆಗಳೆಲ್ಲ ಮಾರಾಟವಾಗಿ ಜಾಹೀರಾತೂ ತಾನಾಗಿಯೇ ನಿಂತಿತು. ಶೇಖರ ಡ್ರಾಯರ್ ತೆರೆದರು. ಕೈ ಮುಗಿದ ಬುಟ್ಟೆವ್ವ ಅಚ್ಚಾದಳು. ಗೇಟಿನ ಕುದುರೆಗಳನ್ನು ಮಾತ್ರ ಅಳಿಸಿದ್ದರು.

"ಕುದುರಿ ಹೋದವು, ಹೋಗ್ಲಿ. ಮಾತು ಉಳೀತಲ್ಲ," ಎನ್ನುತ್ತಾರೆ ದಾನೇಶ್ವರಿ. ಆದರೆ ಅದು ಸಮಾಧಾನದ ಮಾತೋ, ಸೋಲಿನದೋ ಎಂದು ಕೇಳಿದರೆ ಪೆನ್ಸಿಲ್ ಹೆರೆಯಲು ಶುರುಮಾಡುತ್ತಾರೆ. 'ನಾಕಾ' ಈಗ ಮೊದಲಿಗಿಂತ ಚಿಕ್ಕದಾಗಿ, ಒಳಪುಟದ ಶ್ರದ್ಧಾಂಜಲಿಗಳ ಪಕ್ಕದಲ್ಲಿ ಬರುತ್ತದೆ. ಆ ಸೈಟಿನಲ್ಲಿ ಈಗ ಹೆಂಗಸರಿಗೆ ಎರಡು ಪ್ಲಾಸ್ಟಿಕ್ ಸಂಡಾಸು ಬಂದಿವೆಯಂತೆ. ಸ್ಟ್ರಿಪ್ ನೋಡಿ ಇಟ್ಟರೋ, ಯಾರಾದರೂ ಅಧಿಕಾರಿ ಬಂದು ಇಡಿಸಿದರೋ ಗೊತ್ತಿಲ್ಲ. ಈ ಐವರನ್ನಂತೂ ಅಲ್ಲಿಗೆ ಮತ್ತೆ ಕರೆಯಲಿಲ್ಲ. ಶಿವಕುಮಾರಿ ಇವತ್ತಿಗೂ ರಟ್ಟು ಕಂಡರೆ ಸೆರಗು ಮುಖಕ್ಕೆಳೆದುಕೊಳ್ಳುತ್ತಾಳೆ. "ನನ್ನ ಬರೀಬ್ಯಾಡ್ರಿ ಅಕ್ಕಾ" ಎಂಬುದೊಂದೇ ಅವಳ ಮಾತು. ದಾನೇಶ್ವರಿ ಬರೆಯುವುದಿಲ್ಲ. ಬರೆಸಿಕೊಳ್ಳಲು ಒಪ್ಪಿದವರಿಗೆ ಮೊದಲು ಓದಿ ಹೇಳುತ್ತಾರೆ. ಅವರು ಬೇಡವೆಂದ ದಿನ ಹೊಸದು ಹುಡುಕಿಕೊಂಡು ಮತ್ತೆ ಓಡುತ್ತಾರೆ.

ಟೆಂಪೋಗಳು ಬಂದು ಹೋಗಿ ನಾಕಾ ತೆಳುವಾಗುತ್ತಿದೆ. ಸೋಮವ್ವ ಒಂದು ಟೆಂಪೋ ಹತ್ತಿ ಹಿಂಬದಿಯ ಸರಳು ಹಿಡಿದುಕೊಂಡಿದ್ದಾರೆ. ಪುಸ್ತಕ, ಪ್ರಶಸ್ತಿ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ದಾನೇಶ್ವರಿ ಆ ಟೆಂಪೋ ತಿರುವು ದಾಟುವವರೆಗೂ ನೋಡುತ್ತಾರೆ.

"ಇಷ್ಟ ವರ್ಷ ಬರದೀನಿ, ಬುಟ್ಟೆವ್ವ ಒಂದ ಸಲಾನೂ ಕುಂತಿಲ್ರಿ. ನಾಕಾದಾಗ ಕುಂತಾಕಿನ್ನ ಯಾರೂ ಕರಿಯಂಗಿಲ್ಲ, ಸೈಟಿನ್ಯಾಗ ಕುಂದರಾಕ ಬಿಡಂಗಿಲ್ಲ. ಒಂದಿನ ಅಕಿನ್ನ ಕುಂದರಸಿ ಬರೀಬೇಕು. ಮೂರೂ ಚೌಕದಾಗ. ಎಲ್ಲಿ ಕುಂದರಸ್ಲಿ ಅಂತ ಜಾಗಾ ಹುಡಕಾಕತ್ತೀನಿ."