ದೋಣಿ ಮರದ ಮಸಿ

ಬಚ್ಚಲ ಒಲೆಯ ಬೂದಿ ತೆಗೆಯುವ ಕೆಲಸವನ್ನು ನನ್ನ ಕೈಯಿಂದ ಕಸಿದುಕೊಳ್ಳಲು ಈ ಮನೆಯಲ್ಲಿ ಯಾರೂ ಮುಂದೆ ಬಂದದ್ದಿಲ್ಲ. ಬೆಳಿಗ್ಗೆ ಚಹಾಕ್ಕೂ ಮೊದಲು ಹೋಗಿ ಅದರ ಎದುರು ಕೂರುತ್ತೇನೆ. ಅಡುಗೆಗೆ ಗ್ಯಾಸ್ ಬಂದು ಯಾವ ಕಾಲವಾಯಿತು, ಮೀಯುವ ನೀರಿಗೆ ಮಾತ್ರ ಇನ್ನೂ ಸೌದೆ. ಒಮ್ಮೆ ಗೀಸರ್ ಹಾಕಿಸಿದ್ದೆವು. ನಮ್ಮೂರು ಕೋಡಿಯ ಬಾವಿಯ ಉಪ್ಪುನೀರು ಅದರ ಹೊಟ್ಟೆಯನ್ನೇ ತಿಂದುಹಾಕಿತು. ಈಗ ಅದರ ಮೇಲೆ ಸೋಪಿನ ಡಬ್ಬಿ ಇಡುತ್ತೇವೆ.

ತಾಮ್ರದ ಹಂಡೆಗೆ ಅಂಥ ನಾಜೂಕಿಲ್ಲ, ನಿಜ. ಅದರ ಚಾಕರಿಯೇ ದೊಡ್ಡದು. ಬೂದಿ ಬಾಚಬೇಕು, ಹಂಡೆಯ ತಳದ ಮಸಿಯನ್ನು ತೆಂಗಿನ ಗೆರಟೆಯ ಅಂಚಿನಿಂದ ಕೆರೆಯಬೇಕು, ಒಲೆಯ ಬಾಯಿ ಬಿರಿದರೆ ಹುತ್ತದ ಮಣ್ಣಿಗೆ ಉಮಿ ಕಲಸಿ ಮೆತ್ತಬೇಕು. ಹೊಗೆ ಹೋಗುವ ಕೊಳವೆ ಕಟ್ಟಿಕೊಂಡರೆ ಮಾಡು ಹತ್ತುವ ಪ್ರಾಯ ನನ್ನದಲ್ಲ. ಬುಡದ ಮುಚ್ಚಳ ತೆಗೆದು, ಬಿದಿರಿನ ಕೋಲಿಗೆ ಗೋಣಿ ಸುತ್ತಿ ಕೆಳಗಿನಿಂದಲೇ ತಿವಿಯುತ್ತೇನೆ. ಮಸಿಯೆಲ್ಲ ನೆತ್ತಿಗೆ ಬೀಳುತ್ತದೆ. ಬಿಸಿನೀರು ಯಾರಿಗೋ, ಮಸಿ ನನಗೆ.

ಕಳೆದ ಮಳೆಗಾಲದಲ್ಲಿ ಈ ಚಾಕರಿ ದುಪ್ಪಟ್ಟಾಯಿತು. ಒಲೆಗೆ ನಮ್ಮ ದೋಣಿಯನ್ನೇ ಹಾಕಿದ್ದೆ.

ಅದು ನಮ್ಮ ಮನೆಯವರು ಮದುವೆಗೂ ಮೊದಲಿನಿಂದ ಮೀನಿಗೆ ಒಯ್ಯುತ್ತಿದ್ದ ಮರದ ನಾಡದೋಣಿ. ಊರಿಗೆಲ್ಲ ಫೈಬರ್ ದೋಣಿ ಬಂದ ಮೇಲೂ ಇವರು ಅದನ್ನು ಬಿಟ್ಟಿರಲಿಲ್ಲ. ತಳದ ಹಲಗೆ ಕೊಳೆತು ಕುಂಬಾಗಿ, ರಿಪೇರಿಗೆ ಬಂದ ಆಚಾರಿಯೇ ಕೈಚೆಲ್ಲಿದ. ಕೊಳ್ಳುವವರಿಲ್ಲ. ಕೊನೆಗೆ ಒಡೆಸಿ ತೆಂಗಿನ ಬುಡದಲ್ಲಿ ರಾಶಿ ಹಾಕಿಸಿದರು. ಇವರ ಮಾತೂ ಅಂದಿನಿಂದ ಕಡಿಮೆಯಾಯಿತು. ಜೋರು ಮಳೆ ಹಿಡಿದು ಒಣ ಸೌದೆ ಮುಗಿದಾಗ ನಾನೇ ಕೇಳಿದೆ.

“ಅದನ್ನ್ ಒಲಿಗೆ ಹಾಕೂದಾ?”

“ಮತ್ತೆಂತ ಮಾಡೂಕಾತ್ತ್, ಹಾಕ್,” ಎಂದರು, ಹೊಳೆಯ ಕಡೆ ನೋಡುತ್ತ.

ಎಷ್ಟೋ ವರ್ಷ ಮೀನೆಣ್ಣೆ ಕುಡಿದ ಮರ. ಬೆಂಕಿ ಹತ್ತಿದ್ದೇ ಭೋರೆಂದು ಉರಿಯಿತು. ಹೊಗೆ ಕಪ್ಪಗೆ, ದಪ್ಪಗೆ, ಮೀನಿನ ಕಮಟು ವಾಸನೆಯದು. ಕೊಳವೆಯಲ್ಲಿ ಡಾಂಬರಿನಂಥ ಮಸಿ ಕಟ್ಟಿತು. ಬೂದಿಯಲ್ಲಿ ಉಳಿದ ಮೊಳೆಗಳು ಬೆರಳಿಗೆ ಚುಚ್ಚುತ್ತಿದ್ದವು. ನೀರು ಮಾತ್ರ ಕುದಿಯುವಷ್ಟು ಬಿಸಿ.

“ಹ್ವಾಯ್, ನೀರ್ ಕಾದಿತ್. ಮೀಯೂಕೆ ಬನ್ನಿ,” ಎಂದು ಕರೆದೆ. ಇವರು ಬಚ್ಚಲ ಬಾಗಿಲವರೆಗೆ ಬಂದು ನಿಂತರು.

“ನನ್ನನ್ನ್ ಹೊತ್ಕಂಡ್ ತಿರ್ಗಿದ್ ಮರ ಅದ್. ಅದನ್ನ್ ಸುಟ್ಟ್ ಕಾಸಿದ್ ನೀರ್ ನಂಗ್ ಬ್ಯಾಡ.”

ಹೋಗಿ ಬಾವಿಕಟ್ಟೆಯಲ್ಲಿ, ಸುರಿಯುವ ಮಳೆಯಲ್ಲೇ, ತಣ್ಣೀರು ಹೊಯ್ದುಕೊಂಡರು. ಹಾಕು ಎಂದವರೂ ಇವರೇ, ಬೇಡ ಎಂದವರೂ ಇವರೇ! ನನಗೆ ಪಿತ್ತ ನೆತ್ತಿಗೇರಿತು.

ಆ ಮಳೆಗಾಲವಿಡೀ ಹಾಗೆಯೇ ನಡೆಯಿತು. ಇವರ ಮಂಡಿ ಬಾತಿತ್ತು. ಬಿಸಿನೀರು ಹೊಯ್ದು ತಿಕ್ಕಬೇಕು ಎಂದು ಕೋಟೇಶ್ವರದ ಡಾಕ್ಟರು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೆಮ್ಮು ಹಿಡಿಯಿತು. ಇವರು ಹಾಸಿಗೆ ಹಿಡಿದರೆ ಇನ್ನು ಏಳುವುದಿಲ್ಲವೇನೋ ಎಂದು ನನಗೆ ಹೆದರಿಕೆ. ಒಂದು ದಿನ ದೋಣಿ ಮರ ಬಿಟ್ಟು ಬರೀ ತೆಂಗಿನ ಸಿಪ್ಪೆಯಲ್ಲಿ ನೀರು ಕಾಸಿ ಕರೆದೆ. ಬಂದರು, ಒಲೆಯ ಬಾಯಿಗೆ ಬಗ್ಗಿದರು.

“ಒಲಿ ಪೂರಾ ಅದೇ ವಾಸ್ನಿ,” ಎಂದು ಮತ್ತೆ ಬಾವಿಗೆ ನಡೆದರು.

ಆಗಲಿ, ಈ ವಾಸನೆಯನ್ನೇ ತೆಗೆದುಹಾಕುತ್ತೇನೆ ಎಂದು ಹಟ ಹುಟ್ಟಿತು. ಮಳೆ ಕಡಿಮೆಯಾಗುವಷ್ಟರಲ್ಲಿ ದೋಣಿ ಮರವೂ ಮುಗಿದಿತ್ತು. ಒಂದು ಬಿಸಿಲ ದಿನ ಸೀರೆ ಎತ್ತಿ ಕಟ್ಟಿ ಕೂತೆ. ಒಲೆಯ ಒಳಮೈಯ ಮಣ್ಣನ್ನೆಲ್ಲ ಕತ್ತಿಯಿಂದ ಕೆತ್ತಿ ತೆಗೆದೆ. ಹಂಡೆಯ ತಳವನ್ನು ತಾಮ್ರ ಕಾಣುವವರೆಗೆ ಕೆರೆದೆ. ಕೊಳವೆಗೆ ಕುದಿನೀರು, ಸೋಪಿನಪುಡಿ, ಗೋಣಿ, ಮತ್ತೆ ಗೋಣಿ. ಹೊಸ ಮಣ್ಣು ಮೆತ್ತಿ ಮುಗಿಸುವಾಗ ಸೊಂಟ ನನ್ನದೋ ಬೇರೆಯವರದ್ದೋ ತಿಳಿಯುತ್ತಿರಲಿಲ್ಲ. ಮೈ ಹಣ್ಣಾಗಿತ್ತು. ಗೋಡೆಗೊರಗಿ ಒಬ್ಬಳೇ ಸ್ವಲ್ಪ ಅತ್ತೆ ಕೂಡ. ದುಃಖಕ್ಕೋ ಸುಸ್ತಿಗೋ ಎಂದು ಕೇಳಿದರೆ ಹೇಳಲಾರೆ.

ಮಣ್ಣು ಒಣಗಿದ ಮೇಲೆ ಗೇರು ಮರದ ಸೌದೆ ತರಿಸಿ ಉರಿ ಹಾಕಿದೆ. ಇವರನ್ನು ಕೈಹಿಡಿದೇ ಕರೆತಂದೆ.

“ಮೂಸಿ ಕಾಣಿ ಈಗ.”

ಬಗ್ಗಿದರು. ಒಲೆಯ ಬಾಯಿ, ಕೊಳವೆಯ ಬುಡ ಎಲ್ಲ ಮೂಸಿದರು. ನಾನು ಗೆದ್ದೆ ಎಂದುಕೊಂಡು ಮುಖ ನೋಡಿದರೆ, ಆ ಮುಖ ಸಪ್ಪಗಾಗಿತ್ತು.

“ಪೂರಾ ಹೋಯ್ತಲ್ದಾ,” ಎಂದರು.

ಇಷ್ಟು ದಿನ ತಾವೇ ಬೇಡವೆನ್ನುತ್ತಿದ್ದ ವಾಸನೆಯನ್ನೇ ಇವರು ಹುಡುಕುತ್ತಿದ್ದರು. ಅದನ್ನು ನಾನು ಗೋಣಿ ಹಾಕಿ ತಿಕ್ಕಿ ತಿಕ್ಕಿ ತೆಗೆದಿದ್ದೆ.

ಆಗ ಇವರ ಕಣ್ಣು ನನ್ನ ಮಣೆಯ ಮೇಲೆ ಬಿತ್ತು. ಬೂದಿ ಬಾಚುವಾಗ ಕೂರಲೆಂದು ರಾಶಿಯಿಂದ ಎತ್ತಿಟ್ಟುಕೊಂಡಿದ್ದ ಒಂದು ತುಂಡು ಹಲಗೆ ಅದು.

“ಇದ್ ಅದ್ರದ್ದೇ ಅಲ್ದಾ?”

ಹೌದೆಂದೆ. ಎತ್ತಿಕೊಂಡು ಅಂಗೈಯಿಂದ ಒರೆಸಿದರು.

“ಕಡೇ ತುಂಡ್ ನಾನೇ ಹಾಕ್ತೆ,” ಎಂದು ಒಲೆಯೊಳಗೆ ನಿಧಾನವಾಗಿ ನೂಕಿದರು. ಅದು ಭೋರೆಂದಿತು. ಉರಿ ಇಳಿಯುವವರೆಗೆ ಅಲ್ಲೇ ಕೂತಿದ್ದರು, ಆಮೇಲೆ ಮೀಯಲು ಬಾಗಿಲು ಹಾಕಿಕೊಂಡರು. ಹೊರಗಿನಿಂದ ನನಗೆ ಚೊಂಬಿನ ಸದ್ದು ಕೇಳುತ್ತಲೇ ಇತ್ತು. ಅವರು ಹೊರಬಂದ ಮೇಲೆ ಹೋಗಿ ನೋಡಿದರೆ ಹಂಡೆ ಬರಿದು.

“ನಂಗೊಂದ್ ಚೊಂಬ್ ನೀರ್ ಸಾ ಉಳ್ಸ್‌ಲಿಲ್ಲ್ಯಾ?” ಎಂದು ಕೂಗಿದೆ. ಆ ಸಂಜೆ ಬಾವಿಯ ತಣ್ಣೀರು ನನ್ನ ಪಾಲಿಗೆ ಬಂತು.

ಮರುದಿನ ಬೆಳಿಗ್ಗೆ ಕೂರಲು ಮಣೆ ಇರಲಿಲ್ಲ. ಕುಕ್ಕರುಗಾಲಿನಲ್ಲೇ ಕೂತು ಬೂದಿ ಬಾಚಿದೆ. ಅಷ್ಟು ತಿಕ್ಕಿದ್ದ ಕೊಳವೆಯ ಬುಡದಲ್ಲಿ ಮತ್ತೆ ಅದೇ ಎಣ್ಣೆಮಸಿ ತೆಳ್ಳಗೆ ಕೂತಿತ್ತು, ಅದೇ ಕಮಟು. ಗೆರಟೆ ಕೈಯಲ್ಲೇ ಇತ್ತು. ಮುಚ್ಚಳ ಮುಚ್ಚಿ ಎದ್ದೆ.

ಇಂದಿಗೂ ಅಲ್ಲಿಗೆ ಗೆರಟೆ ತಾಗಿಸಿಲ್ಲ. ಹೊಗೆ ಒಂದಿಷ್ಟು ಒಳಗೇ ಬರುತ್ತದೆ, ಕಣ್ಣು ಉರಿಯುತ್ತದೆ. ಇವರು ದಿನಾ ಬಿಸಿನೀರಲ್ಲಿ ಮೀಯುತ್ತಾರೆ.