ವಾರಿಜಕ್ಕನ ಫೋನು

ವಾರಿಜಕ್ಕ ಸಾಯುವ ಮೊದಲು ತಂಗಿಯ ಸ್ವರವನ್ನೊಮ್ಮೆ ಕೇಳಬೇಕೆಂದು ಫೋನು ಮಾಡಿದ್ದರು. ಆ ಫೋನು ಬಂದದ್ದು ನನ್ನ ಕೈಗೆ. ತಂಗಿ — ನನ್ನ ಹೆಂಡತಿ ವಿನುತಾ — ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಿಂತಿದ್ದಳು. ನಾನು ಕೂಗಲಿಲ್ಲ. ಅವಳು ಇಲ್ಲಿ ಇಲ್ಲ ಎಂದುಬಿಟ್ಟೆ.

ಇಷ್ಟನ್ನು ಬರೆಯಲು ನನಗೆ ವರ್ಷಗಳೇ ಬೇಕಾದವು. ಮರೆತುಹೋಯಿತು, ಗಡಿಬಿಡಿಯಲ್ಲಿದ್ದೆ, ನೆಟ್‌ವರ್ಕ್ ಸರಿಯಿರಲಿಲ್ಲ — ಬೇರೆಯವರಿಗೂ ನನಗೆ ನಾನೂ ಒಂದೊಂದು ಸಲ ಒಂದೊಂದು ಹೇಳಿದ್ದೇನೆ. ಒಂದೂ ನಿಜವಲ್ಲ.

ವಾರಿಜಕ್ಕ ಯಾರೆಂದು ಹೇಳಬೇಕು. ವಿನುತಾಳಿಗಿಂತ ಬಹಳ ದೊಡ್ಡವರು. ತಾಯಿ ತೀರಿಕೊಂಡ ಮೇಲೆ ತಂಗಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವರು ಅವರೇ. ಮದುವೆಯಾಗಲಿಲ್ಲ. ಉಡುಪಿಯ ಕಡೆಯಿಂದ ಕುವೈತಿಗೆ ಬಂದು ಜಹ್ರಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿನ ಕೆಲಸಕ್ಕೆ ಸೇರಿದರು. ಕ್ಲಿನಿಕ್ಕಿಗೆ ಬರುವ ಅರಬ್ಬಿ ಹೆಂಗಸರು ಡಾಕ್ಟರಿಗಿಂತ ಮೊದಲು ಅವರನ್ನು ವಿಚಾರಿಸುವಷ್ಟು ಅಲ್ಲಿಯವರಾಗಿಬಿಟ್ಟರು. ತಂಗಿಗೆ ಗಂಡು ನೋಡಿದ್ದು ಅವರು. ಆ ಗಂಡಿಗೆ — ನನಗೆ — ಕ್ಲಿನಿಕ್ಕಿನ ಯಜಮಾನನ ತಮ್ಮನಿಗೆ ಹೇಳಿ ವೀಸಾ ತೆಗೆಸಿಕೊಟ್ಟದ್ದೂ ಅವರು. ಆತನೇ ನನ್ನ ಕಫೀಲ್, ಅಂದರೆ ಅಲ್ಲಿ ನನ್ನ ಹೊಣೆ ಹೊತ್ತ ಪ್ರಾಯೋಜಕ, ಆದ. ನನ್ನ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿ, ನಿಂತಿರುವುದು ಇಂದಿಗೂ ಆತನ ಹೆಸರಿನ ಮೇಲೆ.

ಒಳ್ಳೆಯದು ಮಾಡಿದವರ ಮುಖವನ್ನು ವಾರವಾರವೂ ನೋಡುವುದು ಸುಲಭವಲ್ಲ. ಶುಕ್ರವಾರ ಬಂತೆಂದರೆ ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿನಿಂದ ಜಹ್ರಾಕ್ಕೆ ಊಟಕ್ಕೆ ಹೋಗಬೇಕು. ಅಕ್ಕ ಒಂದು ದಿನವೂ ಉಪಕಾರದ ಮಾತೆತ್ತಿದವರಲ್ಲ. ಎತ್ತಿದ್ದರೆ ಒಳ್ಳೆಯದಿತ್ತೇನೋ — ಜಗಳವಾದರೂ ಆಡಬಹುದಿತ್ತು. ಊರಿನವರ ಕೂಟಗಳಲ್ಲಿ ನನ್ನನ್ನು ಪರಿಚಯಿಸುತ್ತಿದ್ದದ್ದೇ “ಇವರು ನಮ್ಮ ವಾರಿಜಕ್ಕನ ತಂಗಿಯ ಗಂಡ” ಎಂದು. ನಾನು ನಗುತ್ತಿದ್ದೆ. ಕಾರು ಕೊಳ್ಳುವಾಗ, ಮಗಳು ಅನ್ವಿಗೆ ಶಾಲೆ ಹುಡುಕುವಾಗ, ಕೊನೆಗೆ ಸೋಫಾದ ಬಣ್ಣ ಆರಿಸುವಾಗಲೂ ವಿನುತಾಳ ಮೊದಲ ಮಾತು ಒಂದೇ: “ಅಕ್ಕನ ಹತ್ತಿರ ಒಮ್ಮೆ ಕೇಳುವ.”

ಐಸ್‌ಲ್ಯಾಂಡಿನ ಪ್ರಯಾಣ ಮಾತ್ರ ನನ್ನದು. ಶುವೈಖ್‌ನ ಆಟೋ ಬಿಡಿಭಾಗಗಳ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಆ ದ್ವೀಪದ ವೀಡಿಯೋಗಳನ್ನು ನೋಡುತ್ತಿದ್ದೆ. ಹೊರಗೆ ಧೂಳೆದ್ದು ಎದುರಿನ ಗ್ಯಾರೇಜೂ ಕಾಣುತ್ತಿರಲಿಲ್ಲ; ಒಳಗೆ ನನ್ನ ಅಂಗೈಯಲ್ಲಿ ಹಿಮನದಿ. ಬಾಡಿಗೆಗೆ ಕಾರು ಹಿಡಿದು, ನಾನೇ ಓಡಿಸಿಕೊಂಡು, ಇಡೀ ದ್ವೀಪಕ್ಕೆ ಒಂದು ಸುತ್ತು ಬರುವುದೆಂದು ನಿಶ್ಚಯಿಸಿದೆ. “ಅಕ್ಕನನ್ನೂ ಕರೆಯುವನಾ?” ಎಂದಳು ವಿನುತಾ. ಅಕ್ಕನೇ ಬೇಡವೆಂದರು. “ಆ ಚಳಿ ನನಗೆ ಆಗ್ಲಿಕ್ಕಿಲ್ಲ ಮಾರಾಯ್ತಿ. ನೀವು ಮೂವರು ಹೋಗಿ ಬನ್ನಿ.” ಆ ಶುಕ್ರವಾರ ಅವರ ಮುಖ ಬಾಡಿತ್ತು. ನಮ್ಮನ್ನು ಕಳಿಸಿಕೊಡಲು ಕೆಳಗಿಳಿದವರು ಮತ್ತೆ ಮೆಟ್ಟಿಲು ಹತ್ತುವಾಗ ಗೋಡೆಗೆ ಕೈಯಾನಿಸಿ ನಿಂತು ನಿಂತು ಹತ್ತಿದರು. ನಾನು ಕಾರಿನ ಕನ್ನಡಿಯಲ್ಲಿ ನೋಡಿದೆ. ನೋಡಿಯೂ —

ಆ ದೇಶದಲ್ಲಿ ಮೊದಲ ದಿನಗಳು ಹೇಗಿದ್ದವೆಂದು ಹೇಳದಿದ್ದರೆ ನನ್ನ ತಪ್ಪಿನ ಆಳ ತಿಳಿಯದು. ಎಂದೋ ಹರಿದ ಲಾವಾ ಕರ್ರಗೆ ಹೆಪ್ಪುಗಟ್ಟಿದ ಬಯಲು, ಅದರ ಮೇಲೆ ಮೆತ್ತಗಿನ ಬೂದುಹಸಿರು ಪಾಚಿ. ಮೈಲುಗಟ್ಟಲೆ ಒಂದು ಮನೆಯಿಲ್ಲ. ನೆಲದ ಬಿರುಕುಗಳಿಂದ ಗಂಧಕದ ವಾಸನೆಯ ಹಬೆ ಏಳುತ್ತಿತ್ತು. ಒಂದೇ ಕಾರು ದಾಟುವ ಸೇತುವೆಗಳಲ್ಲಿ ಎದುರಿನವರಿಗೆ ದಾರಿ ಬಿಟ್ಟು ಕಾಯುತ್ತಿದ್ದೆ. ಕಾರು ಕೊಟ್ಟ ಹುಡುಗಿ, ಬಾಗಿಲು ಗಟ್ಟಿ ಹಿಡಿದು ತೆಗೆಯಿರಿ, ಇಲ್ಲವಾದರೆ ಗಾಳಿಗೆ ಕಿತ್ತೇ ಹೋಗುತ್ತದೆ ಎಂದಿದ್ದಳು. ಮಳೆ, ಬಿಸಿಲು, ಮಂಜು — ಎಲ್ಲ ಒಂದೇ ಗಂಟೆಯೊಳಗೆ. ಯಾವ ದಾರಿ ಹಿಡಿಯಬೇಕು, ಎಲ್ಲಿ ಉಣ್ಣಬೇಕು, ಎಲ್ಲಿ ತಂಗಬೇಕು, ಎಲ್ಲವೂ ನನಗೇ ಗೊತ್ತಿತ್ತು. ವಿನುತಾ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿ, “ನಿಮಗೆ ಇದೆಲ್ಲ ಎಲ್ಲಿಂದ ಗೊತ್ತು?” ಎಂದಳು. ಆ ಒಂದು ಮಾತಿಗೆ ನಾನು ಅಷ್ಟು ವರ್ಷ ಹಸಿದಿದ್ದೆನೆಂದು ಆಗಲೇ ತಿಳಿದದ್ದು.

ಅಲ್ಲಿಯ ಸಿಮ್ ಒಂದೇ ಕೊಂಡಿದ್ದೆವು, ನನ್ನ ಮೊಬೈಲಿಗೆ. ವಿನುತಾಳ ಮೊಬೈಲಿಗೆ ಇಂಟರ್‌ನೆಟ್ ಬರಬೇಕಾದರೆ ನನ್ನದರಿಂದ ಬರಬೇಕು. ನಾನು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಹಿಮನದಿ ಒಡೆದು ನೀರಿಗೆ ಬೀಳುವ ಒಂದು ಸರೋವರವಿದೆ. ನೀಲಿ ಬಣ್ಣದ ಹಿಮದ ಗುಡ್ಡಗಳು ತೇಲುತ್ತ ಸಮುದ್ರದ ಕಡೆಗೆ ಹೋಗುತ್ತವೆ. ವಿನುತಾ, ಅನ್ವಿ ದಂಡೆಗೆ ಇಳಿದಿದ್ದರು. ನಾನು ಕಾರಿನಿಂದ ಜಾಕೆಟ್ ತರಲೆಂದು ಬಂದಾಗ ಮೊಬೈಲಿನಲ್ಲಿ ವಾಟ್ಸಾಪ್ ಕರೆಯ ಸದ್ದಾಯಿತು. ವಾರಿಜಕ್ಕ.

“ಪ್ರವೀಣ್, ಅವಳಿಗೆ ಫೋನ್ ತಾಗ್ತಾ ಇಲ್ಲ. ಸ್ವಲ್ಪ ಕೊಡಿ. ನನ್ನನ್ನು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದ್ದಾರೆ. ಹಾರ್ಟಿನದ್ದು ಎಂತದೋ. ನಾಡಿದ್ದು ಆಪರೇಶನ್ ಅಂತೆ.”

“ಅಯ್ಯೋ, ಹೇಗಿದ್ದೀರಿ ಅಕ್ಕ?” ಎಂದೆ. ಬಾಯಿ ತಾನಾಗಿಯೇ ಹೇಳಿತು.

“ಎಂತ ಇಲ್ಲ. ಅವಳನ್ನು ಹೆದರಿಸ್ಬೇಡಿ, ವಾಪಸು ಬರ್ಲಿಕ್ಕೂ ಹೇಳ್ಬೇಡಿ. ಒಮ್ಮೆ ಸ್ವರ ಕೇಳಿದ್ರೆ ಸಾಕು. ನನಗೆ ಯಾಕೋ…” ಅಲ್ಲಿಗೆ ನಿಲ್ಲಿಸಿದರು.

ದಂಡೆಯಲ್ಲಿ ವಿನುತಾ ಒಂದು ಹಿಮದ ತುಂಡನ್ನು ಎತ್ತಿಕೊಂಡು ಮಗಳಿಗೆ ತೋರಿಸುತ್ತಿದ್ದಳು. ನಗುತ್ತಿದ್ದಳು. ಈಗ ಫೋನು ಕೊಟ್ಟರೆ ಆ ನಗು ಮುಗಿಯಿತು. ಅಕ್ಕ ಬೇಡವೆಂದರೂ ಇವಳು ಕೇಳುವವಳಲ್ಲ. ಸಂಜೆಗೇ ವಿಮಾನ ಹುಡುಕಬೇಕು. ಇಲ್ಲಿಯೂ, ಭೂಮಿಯ ಈ ತುದಿಗೆ ಬಂದರೂ, ಅಕ್ಕನೇ — ನನ್ನ ಮನಸ್ಸಿನಲ್ಲಿ ಬಂದದ್ದು ಇದು. ಕಾಯಿಲೆ ಬಿದ್ದ ಹೆಂಗಸಿನ ಮೇಲೆ ನನಗೆ ಸಿಟ್ಟು ಬಂದಿತ್ತು.

“ಅವಳು ಇಲ್ಲಿ ಇಲ್ಲ ಅಕ್ಕ, ದೂರ ಹೋಗಿದ್ದಾಳೆ. ಸಂಜೆ ಮಾಡಿಸ್ತೇನೆ.”

“ಆಯ್ತು. ಮರೀಬೇಡಿ ಆಯ್ತಾ?”

ಕರೆ ಬಂದ ಗುರುತನ್ನು ಮೊಬೈಲಿನಿಂದ ಅಳಿಸಿದೆ. ಜಾಕೆಟ್ ತೆಗೆದುಕೊಂಡು ಇಳಿದು ಹೋಗಿ ಹೆಂಡತಿಯ ಹೆಗಲಿಗೆ ಹೊದಿಸಿದೆ.

ಸಂಜೆ ತಂಗಿದಲ್ಲಿ ಅವಳೇ, “ಅಕ್ಕನಿಗೆ ಒಂದು ಫೋನ್ ಮಾಡುವನಾ? ಎರಡು ದಿನ ಆಯ್ತು” ಎಂದಳು. ದೇವರು ನನಗೆ ಕೊಟ್ಟ ಅವಕಾಶ ಎಂದು ಈಗ ಅನಿಸುತ್ತದೆ. ಆಗ ಅಡ್ಡಿ ಎನಿಸಿತ್ತು. “ಇಲ್ಲಿ ನೆಟ್ ಸರಿ ಇಲ್ಲ. ಅಲ್ಲಿ ಈಗ ಮಲಗಿರ್ತಾರೆ, ನಾಳೆ ಮಾಡುವ” ಎಂದೆ. ಅವಳು ನಂಬಿದಳು. ನಂಬದಿರಲು ಅವಳಿಗೆ ಕಾರಣವಿರಲಿಲ್ಲ.

ಮರುದಿನ ಮತ್ತೆ ಬಂತು. ಲಾವಾ ಬಯಲಿನ ನೇರ ರಸ್ತೆ; ವಿನುತಾ ಪಕ್ಕದ ಸೀಟಿನಲ್ಲಿ, ಅನ್ವಿ ಹಿಂದೆ, ಇಬ್ಬರಿಗೂ ನಿದ್ದೆ. ದಾರಿ ತೋರಿಸಲೆಂದು ಸ್ಟೀರಿಂಗಿನ ಬಳಿ ಸಿಕ್ಕಿಸಿದ್ದ ಮೊಬೈಲಿನಲ್ಲಿ ನಕ್ಷೆ ಮಾಯವಾಗಿ ಅಕ್ಕನ ಹೆಸರು ಮೂಡಿತು. ಸದ್ದನ್ನು ಮೊದಲೇ ತೆಗೆದಿಟ್ಟಿದ್ದೆ. ಹೆಸರು ಬೆಳಗುತ್ತಲೇ ಇತ್ತು. ಕೈ ಚಾಚಿದರೆ ಹೆಂಡತಿಯ ಭುಜ. ಮೊದಲನೆಯದನ್ನು ದುಡುಕು ಎನ್ನಬಹುದಾದರೂ ಇದನ್ನು ಏನೆನ್ನಲಿ? ಹೆಸರು ಆರುವವರೆಗೂ ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ. ಮತ್ತೆ ನಕ್ಷೆ ಬಂತು.

ಆಪರೇಶನ್ನಿಗೆ ಒಯ್ಯುವ ಮೊದಲೇ ಅಕ್ಕ ಹೋದರು. ಸುದ್ದಿ ತಿಳಿಸಿದ್ದು ಅವರ ಕ್ಲಿನಿಕ್ಕಿನ ನರ್ಸ್ ಲವೀನಾ, ನಮ್ಮ ಮಂಗಳೂರಿನವರೇ. ರಸ್ತೆ ಬದಿಗೆ ಕಾರು ನಿಲ್ಲಿಸಿ ವಿನುತಾಳಿಗೆ ಹೇಳಿದೆ. “ಒಮ್ಮೆಲೇ ಆದದ್ದಂತೆ” ಎಂದು ಸೇರಿಸಿದೆ. ಅವಳು ಬಾಗಿಲು ತೆಗೆದು ಇಳಿದು ಆ ಕಪ್ಪು ಕಲ್ಲುಗಳ ನಡುವೆ ಎಲ್ಲಿಗೋ ನಡೆಯತೊಡಗಿದಳು. ಗಾಳಿಯಲ್ಲಿ ಅವಳ ಅಳು ನನ್ನವರೆಗೆ ಬರಲಿಲ್ಲ; ಬಾಯಿ ತೆರೆದದ್ದು ಮಾತ್ರ ಕಂಡಿತು. ಹಿಂದೆ ಕೂತಿದ್ದ ಅನ್ವಿ ಹೆದರಿ ನನ್ನ ತೋಳು ಹಿಡಿದುಕೊಂಡಳು.

ಕುವೈತಿನಲ್ಲಿ ಶವಾಗಾರದ ಹೊರಗೆ ಲವೀನಾ ನನ್ನನ್ನು ಪಕ್ಕಕ್ಕೆ ಕರೆದರು. “ಫೋನನ್ನು ಕೈಯಲ್ಲೇ ಹಿಡ್ಕೊಂಡಿದ್ರು. ಪ್ರವೀಣನಿಗೆ ಹೇಳಿದ್ದೇನೆ, ಅವಳು ಮಾಡ್ತಾಳೆ ಅಂತ ಹೇಳ್ತಾ ಇದ್ರು. ನೀವು ಮರೆತ್ರಾ?”

“ಮರೆತೆ” ಎಂದೆ.

ಆಕೆ ನನ್ನನ್ನು ನೋಡಿದರು. ವಿನುತಾಳಿಗೆ ಹೇಳಲಿಲ್ಲ. ಆಮೇಲೆ ನಮ್ಮ ಮನೆಗೆ ಬರುವುದನ್ನೂ ಬಿಟ್ಟರು. ಅಕ್ಕನ ದೇಹವನ್ನು ಊರಿಗೆ ಒಯ್ದು ಬೆಂಕಿ ಕೊಟ್ಟೆವು. ಕೊಟ್ಟವನು ನಾನು — ಮನೆಯ ಗಂಡು ಎಂದು.

ಇಲ್ಲಿಗೆ ಮುಗಿದಿದ್ದರೆ ಬಹುಶಃ ನಾನು ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆ. ಮುಗಿಯಲಿಲ್ಲ. ಅಳು ನಿಂತ ಮೇಲೆ ವಿನುತಾಳಿಗೆ ಅಕ್ಕನ ಮೇಲೆ ಕೋಪ ಹುಟ್ಟಿತು. “ಆಸ್ಪತ್ರೆಗೆ ಸೇರಿದ್ದನ್ನು ನನಗೆ ಹೇಳ್ಬೇಕಂತ ಅವಳಿಗೆ ಕಾಣ್ಲೇ ಇಲ್ವಲ್ಲ. ನಾನು ಅವಳಿಗೆ ಅಷ್ಟೂ ಆಗ್ಲಿಲ್ವಾ?” ವರ್ಷಗಳು ಹೋದಂತೆ ಕೋಪ ಗಟ್ಟಿಯಾಯಿತು. ಗೋಡೆಯಲ್ಲಿದ್ದ ಅಕ್ಕನ ಫೋಟೋ ಕಪಾಟಿನೊಳಗೆ ಹೋಯಿತು. ವರ್ಷಾಂತಿಕದ ದಿನವೂ ಆ ಹೆಸರೆತ್ತುತ್ತಿರಲಿಲ್ಲ. ನಾನು ಏನು ಹೇಳುತ್ತಿದ್ದೆ ಗೊತ್ತೇ? “ಅಕ್ಕನ ಸ್ವಭಾವವೇ ಹಾಗೆ ಅಲ್ವಾ, ಎಲ್ಲ ಒಳಗೇ ಇಟ್ಟುಕೊಳ್ಳುದು.” ಸತ್ತವರ ಬಾಯಿಗೆ ನಾನು ಎರಡನೆಯ ಸಲ ಕೈ ಅಡ್ಡ ಹಿಡಿದೆ.

ಮೊನ್ನೆ ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದೆವು. ಈಗ ಕಾಲೇಜಿಗೆ ಹೋಗುವ ಅನ್ವಿ ಯಾವುದೋ ಪರೀಕ್ಷೆಯ ಸಂಗತಿಯನ್ನು ನಮ್ಮಿಂದ ಮುಚ್ಚಿಟ್ಟಿದ್ದಳು. ವಿನುತಾ ರೇಗಿದಳು: “ನಿನ್ನ ದೊಡ್ಡಮ್ಮನ ಹಾಗೆ ಆಗ್ಬೇಡ. ಸಾಯುವಾಗ ಸಹ ಒಂದು ಮಾತು ಹೇಳ್ಲಿಲ್ಲ ಅವಳು.” ಮಗಳು ತಟ್ಟೆಯಿಂದ ತಲೆಯೆತ್ತಿ, “ಸೋ, ಶೀ ಡಿಡಂಟ್ ಲವ್ ಯೂ, ಅಮ್ಮ?” ಎಂದಳು. ಕುಟುಕಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದು. ವಿನುತಾ “ಗೊತ್ತಿಲ್ಲ” ಎಂದಳು.

ಆ “ಗೊತ್ತಿಲ್ಲ” ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮಗಳು ಕೋಣೆಗೆ ಹೋದ ಮೇಲೆ ಹೇಳಿದೆ. ಸರೋವರದ ದಂಡೆ, ಜಾಕೆಟ್, ಮರುದಿನದ ಫೋನು, ಲವೀನಾ ಕೇಳಿದ್ದು — ಎಲ್ಲ. ವಿನುತಾ ಕೈತೊಳೆಯದೆ ಕೂತಿದ್ದಳು, ಬೆರಳುಗಳ ಮೇಲೆ ಅನ್ನ ಒಣಗಿತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ —

“ಇಷ್ಟು ವರ್ಷ ನಾನು ಅವಳಿಗೆ ಬೈದೆ,” ಎಂದಳು ಕೊನೆಗೆ. “ಒಳಗಿಂದೊಳಗೆ ಶಾಪ ಸಹ ಹಾಕಿದ್ದೇನೆ. ಅದನ್ನೀಗ ಯಾರ ಹತ್ತಿರ ಹೋಗಿ ವಾಪಸು ತಗೊಳ್ಳುದು?”

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

“ನನ್ನ ಹತ್ತಿರ ಹೇಳಿದ್ದು ಸಾಕು,” ಎಂದಳು. “ಮಗಳಿಗೆ ನೀವೇ ಹೇಳಿ. ನಾನು ಹೇಳಿಕೊಟ್ಟ ಸುಳ್ಳು ಅವಳ ತಲೆಯಲ್ಲಿ ಉಳಿಯುದು ಬೇಡ.”

ಅನ್ವಿಯ ಕೋಣೆಯ ಬಾಗಿಲು ತಟ್ಟಿದೆ. ಅವಳು ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿ ಎದ್ದು ಕೂತಳು. ಹೇಳಿದೆ. ದೊಡ್ಡಮ್ಮ ಫೋನು ಮಾಡಿದ್ದರು, ಎರಡು ಸಲ, ಅಮ್ಮನ ಸ್ವರ ಕೇಳಬೇಕೆಂದಿದ್ದರು, ನಾನು ಕೊಡಲಿಲ್ಲ.

“ವೈ, ಪಪ್ಪಾ?”

ಕಫೀಲ್, ವೀಸಾ, ಶುಕ್ರವಾರದ ಊಟ, ಊರಿನವರ ಪರಿಚಯದ ಮಾತು — ಎಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

“ನನಗೆ ಕೊಡ್ಲಿಕ್ಕೆ ಮನಸ್ಸಿರ್ಲಿಲ್ಲ” ಎಂದೆ — ಅವಳಿಗೆ ತಿಳಿಯಲೆಂದು ನಿಧಾನವಾಗಿ, ಕನ್ನಡದಲ್ಲಿ. ತಿಳಿಯಿತು.